ಸದ್ದಿಲ್ಲದೆ ಬೀಳುವ ಮಳೆ

ಕೇಳುಗರೇ, ನಮಸ್ಕಾರ.

ಆಕಾಶದಿಂದ ಬೀಳುವ ಮಂಜುಗಡ್ಡೆಗೆ ನಾವು ಕೇಳಿ ಬೆಳೆದದ್ದು ಒಂದೇ ಹೆಸರು, ಆಲಿಕಲ್ಲು. ಅದು ಬೀಳುವುದಾದರೂ ಚಳಿಗಾಲದಲ್ಲಲ್ಲ, ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿನ ಸಂಜೆ, ಗುಡುಗು ಸಿಡಿಲಿನ ಜೊತೆ. ಚಿಕ್ಕಂದಿನಲ್ಲಿ ಅಂಗಳಕ್ಕೆ ಓಡಿ, ಆರಿಸಿ ಬಾಯಿಗೆ ಹಾಕಿಕೊಂಡವರು ನಾವು. ಅಷ್ಟೇ ಅನುಭವ ಕಟ್ಟಿಕೊಂಡು ಉತ್ತರ ಟೆಕ್ಸಸ್‌ಗೆ ಬಂದಿಳಿದವರಿಗೆ ಇಲ್ಲಿನ ಜನವರಿ, ಫೆಬ್ರವರಿಯ ಹವಾ ಮುನ್ಸೂಚನೆ ತಲೆಗೆ ಹತ್ತುವುದಿಲ್ಲ. ಸ್ನೋ, ಸ್ಲೀಟ್, ಫ್ರೀಜಿಂಗ್ ರೇನ್, ಫ್ರೀಜಿಂಗ್ ಡ್ರಿಜಲ್ ಅಂತ ಏನೇನೋ ಹೆಸರು. ಟೀವಿಯ ನಕ್ಷೆಯಲ್ಲಿ ನೀಲಿ, ನೇರಳೆ, ಗುಲಾಬಿ ಅಂತ ಒಂದೊಂದಕ್ಕೂ ಒಂದೊಂದು ಬಣ್ಣ. ಮೊದಲ ಕೆಲವು ವರ್ಷ ನನಗೂ ಇವೆಲ್ಲ ಒಂದೇ ಆಗಿದ್ದವು. ಏನೋ ಬೀಳುತ್ತದಂತೆ, ಮಕ್ಕಳಿಗೆ ರಜ. ಅಷ್ಟೇ ಲೆಕ್ಕ.

ಈಗ ನಕ್ಷೆಯಲ್ಲಿ ಗುಲಾಬಿ ಬಣ್ಣ, ಅಂದರೆ ಫ್ರೀಜಿಂಗ್ ರೇನ್, ಕಂಡರೆ ಎದೆ ಝಲ್ಲೆನ್ನುತ್ತದೆ. ಇವತ್ತು ಅದರ ಬಗ್ಗೆಯೇ ಮಾತಾಡೋಣ ಅಂತ.

ಮೊದಲು ಈ ಊರು ಎಲ್ಲಿದೆ ಅನ್ನುವುದು. ಡಾಲಸ್ ಇರುವುದು ಸರಿಸುಮಾರು ನಮ್ಮ ಜಮ್ಮು ಇರುವ ಅಕ್ಷಾಂಶದಲ್ಲೇ, 33 ಡಿಗ್ರಿಯ ಆಸುಪಾಸು. ಆದರೆ ಜಮ್ಮುವಿನ ಬೆನ್ನಿಗೆ ಹಿಮಾಲಯವಿದೆ. ಸೈಬೀರಿಯಾದ ಚಳಿಗಾಳಿಗೆ ಆ ಗೋಡೆ ಹತ್ತಿ ಇಳಿಯುವ ಶಕ್ತಿಯಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿಯದ್ದು. ನಾವು ಮಾಗಿಯ ಚಳಿ, ಗಡಗಡ ನಡುಕ ಅಂದುಕೊಂಡದ್ದೆಲ್ಲ ಆ ಗೋಡೆಯ ಆಸರೆಯಲ್ಲಿ ಕಂಡ ಚಳಿ. ಇಲ್ಲಿ ಆ ಗೋಡೆ ಇಲ್ಲ. ಕೆನಡಾದಿಂದ ಟೆಕ್ಸಸ್‌ವರೆಗೂ ಬಯಲೋ ಬಯಲು. ನಮಗೂ ಉತ್ತರ ಧ್ರುವಕ್ಕೂ ನಡುವೆ ಇರುವುದು ಒಂದು ಮುಳ್ಳುತಂತಿ ಬೇಲಿ ಅಂತ ಅಮರಿಲೋ ಕಡೆಯ ಜನ ತಮಾಷೆ ಮಾಡುತ್ತಾರೆ. ಪಕ್ಕದ ಒಕ್ಲಹೋಮಾ ಸಿಟಿಯಲ್ಲಿ 1911ರ ನವೆಂಬರ್ 11ರಂದು ಗರಿಷ್ಠ 83 ಡಿಗ್ರಿ ಫ್ಯಾರನ್‌ಹೀಟ್, ಅದೇ ದಿನ ಕನಿಷ್ಠ 17. ನಮ್ಮ ಲೆಕ್ಕದಲ್ಲಿ 28 ಡಿಗ್ರಿಯಿಂದ ಮೈನಸ್ 8ಕ್ಕೆ. ಹೀಗೆ ಬಂದೆರಗುವ ಚಳಿಗೆ ಇಲ್ಲಿನವರು ಬ್ಲೂ ನಾರ್ದರ್ ಅನ್ನುತ್ತಾರೆ.

ಉತ್ತರದಿಂದ ಈ ಚಳಿಗಾಳಿ ಬಂದರೆ ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚನೆಯ, ತೇವದ ಗಾಳಿ ಬರುತ್ತದೆ. ಚಳಿಗಾಳಿ ಭಾರ, ಅದು ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಬೆಚ್ಚನೆಯ ಗಾಳಿ ಹಗುರ, ಅದರ ಬೆನ್ನು ಹತ್ತಿ ಮೇಲೇರುತ್ತದೆ. ಅಂದರೆ ಕೆಳಗೆ ಚಳಿ, ಅದರ ಮೇಲೆ ಬಿಸಿ, ಅದಕ್ಕೂ ಮೇಲೆ ಮತ್ತೆ ಚಳಿ. ಮೋಡದಿಂದ ಹೊರಟಾಗ ಎಲ್ಲವೂ ಹಿಮವೇ. ನಡುವಿನ ಬಿಸಿ ಪದರಕ್ಕೆ ಬಂದಾಗ ಕರಗಿ ಮಳೆಹನಿಯಾಗುತ್ತದೆ. ಆಮೇಲೆ ಅದು ಏನಾಗುತ್ತದೆ ಅನ್ನುವುದು ಕೆಳಗಿನ ಚಳಿಯ ಪದರ ಎಷ್ಟು ದಪ್ಪ ಅನ್ನುವುದರ ಮೇಲೆ ನಿಂತಿದೆ. ದಪ್ಪವಾಗಿದ್ದರೆ ಹನಿ ದಾರಿಯಲ್ಲೇ ಗಟ್ಟಿಯಾಗಿ ಸಣ್ಣ ಹರಳಾಗಿ ಬೀಳುತ್ತದೆ. ಅದು ಸ್ಲೀಟ್. ತೆಳುವಾಗಿದ್ದರೆ ಗಟ್ಟಿಯಾಗಲು ಹೊತ್ತು ಸಾಲದೆ ನೀರಾಗಿಯೇ ನೆಲ ಮುಟ್ಟುತ್ತದೆ. ಆದರೆ ಆ ನೀರು ಸೊನ್ನೆಗಿಂತ ಕೆಳಗೆ ತಣಿದಿರುತ್ತದೆ.

ಸೊನ್ನೆಗಿಂತ ಕೆಳಗಿದ್ದೂ ನೀರು ನೀರಾಗಿರುವುದು ಹೇಗೆ ಅಂತ ನೀವು ಕೇಳಬಹುದು. ಗಡ್ಡೆಯಾಗಲು ನೀರಿಗೆ ಚಳಿಯೊಂದೇ ಸಾಲದು, ಹಿಡಿದುಕೊಳ್ಳಲು ಏನಾದರೂ ಬೇಕು. ಹಾಲಿಗೆ ಹೆಪ್ಪು ಬೇಕಾದ ಹಾಗೆ. ಹೆಪ್ಪುಗಟ್ಟುವುದು ಅನ್ನುವ ನಮ್ಮ ಮಾತು ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ಆ ಹನಿಗೆ ಮರದ ರೆಂಬೆ, ಕರೆಂಟಿನ ತಂತಿ, ಕಾರಿನ ಗಾಜು, ಮನೆ ಮೆಟ್ಟಿಲು, ಏನು ಸಿಕ್ಕರೂ ಅದೇ ಹೆಪ್ಪು. ಮುಟ್ಟಿದ ಕೂಡಲೆ ಗಾಜಿನಂತೆ ಅಂಟಿ ಕೂರುತ್ತದೆ. ಇದೇ ಫ್ರೀಜಿಂಗ್ ರೇನ್.

ಹಾಗಾಗಿ ಮುನ್ಸೂಚನೆ ಹೇಳುವವರನ್ನು ಸುಮ್ಮನೆ ಆಡಿಕೊಳ್ಳಬೇಡಿ. "ಹಿಮ ಅಂದರು, ಬರೀ ಮಳೆ ಬಂತು" ಅಂತ ನಾವೆಲ್ಲ ಕಾಫಿ ಕುಡಿಯುತ್ತಾ ನಗುತ್ತೇವೆ. ಇಲ್ಲಿ ಹವಾಮಾನ ಸೇವೆಯ ಫೋರ್ಟ್‌ವರ್ತ್ ಕಚೇರಿಯಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಬಲೂನು ಹಾರಿಸುತ್ತಾರೆ. ಅದೇ ಹೊತ್ತಿಗೆ ನಮ್ಮ ಬೆಂಗಳೂರು, ಮಂಗಳೂರುಗಳಲ್ಲೂ ಹಾರಿಸುತ್ತಾರೆ, ಜಗತ್ತಿನೆಲ್ಲೆಡೆ ಗಡಿಯಾರ ಹೊಂದಿಸಿಕೊಂಡು. ಮೇಲಿನ ಪದರಗಳ ಉಷ್ಣಾಂಶ ನೇರವಾಗಿ ಅಳೆದು ಹೇಳುವುದು ಅದು. ನಡುವಿನ ಪದರ ಒಂದೇ ಒಂದು ಡಿಗ್ರಿ ಆಚೀಚೆಯಾದರೆ ಡಾಲಸ್‌ನ ಒಂದು ಪಕ್ಕದ ಪ್ಲೇನೋದಲ್ಲಿ ಹಿಮ, ಇನ್ನೊಂದು ಪಕ್ಕದ ಅರ್ವಿಂಗ್‌ನಲ್ಲಿ ಗಾಜಿನ ಮಳೆ. ವಾಚ್ ಅಂದರೆ ಬರುವ ಸಾಧ್ಯತೆ ಇದೆ ಅಂತ, ವಾರ್ನಿಂಗ್ ಅಂದರೆ ಬಂದೇ ಬರುವಂತಿದೆ ಅಂತ. ದಿನಸಿಗೆ ಓಡಬೇಕಾದ್ದು ವಾಚ್ ಇದ್ದಾಗ. ವಾರ್ನಿಂಗ್ ಬಂದಮೇಲೆ ಇಂಡಿಯನ್ ಅಂಗಡಿಗೆ ಹೋದರೆ ಅಕ್ಕಿ ಚೀಲದ ಪಕ್ಕ ಗೆಳೆಯರೆಲ್ಲ ಸಿಗುತ್ತಾರೆ, ಹಾಲು ಮಾತ್ರ ಸಿಗುವುದಿಲ್ಲ.

ಇನ್ನು 2021ರ ಫೆಬ್ರವರಿ. ಇಲ್ಲಿದ್ದವರಿಗೆ ವಿವರ ಬೇಕಿಲ್ಲ, ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ. ಕೋವಿಡ್ ಕಾಲ. ಅರಸೀಕೆರೆಯ ಕಡೆಯಿಂದ ಬಂದಿದ್ದ ಅಪ್ಪ ಊರಿಗೆ ಹಿಂತಿರುಗಲಾಗದೆ ನಮ್ಮಲ್ಲೇ ಉಳಿದಿದ್ದರು. ಫೆಬ್ರವರಿ 11ರ ನಸುಕಿನಲ್ಲಿ ಎದ್ದು ಬಾಗಿಲು ತೆಗೆದವರು, "ಮಳೆಯೇನೂ ಇಲ್ಲ ಕಣೋ, ಇಬ್ಬನಿ ಬಿದ್ದ ಹಾಗಿದೆ ಅಷ್ಟೇ" ಅಂದರು. ಸೊಂಟಕ್ಕೆ ಪಂಚೆ, ಕಾಲಿಗೆ ಹವಾಯಿ ಚಪ್ಪಲಿ. ಎರಡನೇ ಮೆಟ್ಟಿಲಿಗೆ ಕಾಲಿಟ್ಟದ್ದೇ ಕಂಬಿ ಹಿಡಿದು ಕೂತುಬಿಟ್ಟರು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಕಂಬಿ ಹಿಡಿದ ಕೈ ತೆಗೆದು ನೋಡಿದರೆ ಅಂಗೈಯ ಗುರುತು ಗಾಜಿನಲ್ಲಿ ಒತ್ತಿದ ಹಾಗಿತ್ತು. ಅದೇ ಬೆಳಿಗ್ಗೆ ಫೋರ್ಟ್‌ವರ್ತ್‌ನ ಐ-35 ವೆಸ್ಟ್ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಬಿದ್ದು ಆರು ಜನ ತೀರಿಕೊಂಡರು. ಜೋರು ಮಳೆಯೇನಲ್ಲ, ತುಂತುರು. ರಸ್ತೆಗೆ ಉಪ್ಪುನೀರನ್ನೂ ಎರಡು ದಿನ ಮೊದಲು ಚಿಮುಕಿಸಿದ್ದರು.

ಸ್ಲೀಟ್ ಬೀಳುವಾಗ ಕಿಟಕಿಗೆ ಸದ್ದು ಬರುತ್ತದೆ. ಅಪ್ಪ ಹೇಳಿದ ಹಾಗೆ, ಯಾರೋ ಮೊರದಲ್ಲಿ ಅಕ್ಕಿ ಕೇರುತ್ತಿರುವಂತೆ. ನೆಲದ ಮೇಲೆ ಪುಟಿಯುತ್ತದೆ, ಬೆಳ್ಳಗೆ ಕಾಣುತ್ತದೆ, ಕಾಲಿಗೆ ಅಷ್ಟಿಷ್ಟು ಹಿಡಿತವೂ ಸಿಗುತ್ತದೆ. ಫ್ರೀಜಿಂಗ್ ರೇನ್‌ಗೆ ಸದ್ದಿಲ್ಲ, ಬಣ್ಣವಿಲ್ಲ. ರಸ್ತೆ ಬರೀ ಒದ್ದೆಯಾದಂತೆ ಕಪ್ಪಗಿರುತ್ತದೆ. ಮೊದಲು ಹೆಪ್ಪುಗಟ್ಟುವುದು ಸೇತುವೆ, ಫ್ಲೈಓವರ್‌ಗಳು. ಅವಕ್ಕೆ ಕೆಳಗಿನಿಂದಲೂ ಚಳಿಗಾಳಿ ತಾಗುತ್ತದೆ, ನೆಲದ ಕಾವು ಸಿಗುವುದಿಲ್ಲ.

ಫೆಬ್ರವರಿ 11ರದು ಮೊದಲ ಭಾಗ ಮಾತ್ರ. ನಾನು ಮುಖ್ಯವಾಗಿ ಹೇಳಬೇಕೆಂದದ್ದು ಇಲ್ಲಿದೆ. ಗಡ್ಡೆ ಬಿದ್ದು ಮರುದಿನ ಬಿಸಿಲು ಬಂದರೆ ಅದು ಒಂದು ದಿನದ ರಗಳೆ. ಗಡ್ಡೆಯ ಹಿಂದೆಯೇ ಚಳಿಯ ಅಲೆ ಬಂದರೆ ಬಿದ್ದದ್ದು ಬಿದ್ದಲ್ಲೇ ಉಳಿಯುತ್ತದೆ. ಉಪ್ಪು ಕೂಡ ಮೈನಸ್ 9, 10 ಡಿಗ್ರಿ ದಾಟಿದರೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಹಾಗಾಗಿ ಮುನ್ಸೂಚನೆ ಕೇಳುವಾಗ ಎಷ್ಟು ಅಂಗುಲ ಅಂತ ಕೇಳಿ ಸುಮ್ಮನಾಗಬೇಡಿ. ಆಮೇಲಿನ ಮೂರು ದಿನ ಹಗಲಿನ ಉಷ್ಣಾಂಶ 32 ಫ್ಯಾರನ್‌ಹೀಟ್, ಅಂದರೆ ಸೊನ್ನೆ ಸೆಲ್ಸಿಯಸ್, ದಾಟುತ್ತದೋ ಇಲ್ಲವೋ, ಅದನ್ನು ನೋಡಿ. 2021ರಲ್ಲಿ ಐದು ದಿನಕ್ಕೂ ಹೆಚ್ಚು ಕಾಲ ದಾಟಲಿಲ್ಲ. ಫೆಬ್ರವರಿ 15ರ ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಹೊತ್ತಿಗೆ ರಾಜ್ಯದಲ್ಲಿ ಕರೆಂಟ್ ಕಡಿತ ಶುರುವಾಯಿತು. ಅತ್ತ ವಿದ್ಯುತ್ ಸ್ಥಾವರಗಳೂ ಗ್ಯಾಸ್ ಕೊಳವೆಗಳೂ ಚಳಿಗೆ ಕೈಕೊಟ್ಟಿದ್ದವು, ಇತ್ತ ಮನೆಮನೆಯ ಹೀಟರ್ ಉರಿಯುತ್ತಿತ್ತು. ಟೆಕ್ಸಸ್‌ನ ಬಹುಭಾಗದ ವಿದ್ಯುತ್ ಜಾಲ ಬೇರೆಯೇ ಆದ್ದರಿಂದ ಹೊರಗಿನಿಂದ ತರಿಸಿಕೊಳ್ಳುವುದಕ್ಕೂ ದಾರಿ ಕಡಿಮೆ. ಇನ್ನು ನಾಲ್ಕು ನಿಮಿಷ 37 ಸೆಕೆಂಡು ಹಾಗೇ ಸಾಗಿದ್ದರೆ ಇಡೀ ಜಾಲವೇ ಕುಸಿಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಮರುದಿನ, ಫೆಬ್ರವರಿ 16, ನಮ್ಮ ಕ್ಯಾಲೆಂಡರಿನಲ್ಲಿ ವಸಂತ ಪಂಚಮಿ. ಡಾಲಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಅಂದರೆ ಮೈನಸ್ 19 ಸೆಲ್ಸಿಯಸ್. ವಸಂತ ಬಂದ ಪರಿ ಅದು.

ನಮ್ಮ ಮನೆಯಲ್ಲಿ ಗ್ಯಾಸ್ ಹೀಟರ್. ಕರೆಂಟ್ ಹೋದರೂ ಗ್ಯಾಸ್ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಬ್ಲೋವರ್ ಓಡುವುದು ಕರೆಂಟಿನಿಂದ ಅನ್ನುವುದು ಆವತ್ತೇ ಹೊಳೆದದ್ದು. ಇಪ್ಪತ್ತು ವರ್ಷ ಎಂಜಿನಿಯರ್ ಕೆಲಸ ಮಾಡಿದವನ ಜಾಣತನ! ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲ ಸಂದಿಗೆ ಟವಲ್ ತುರುಕಿ, ಊರಿಂದ ತಂದಿದ್ದ ಕರಿಕಂಬಳಿ ಹೊದ್ದು ಕೂತೆವು. ಅಪ್ಪ, "ಒಂದು ಬಾಣಲೆಯಲ್ಲಿ ಕೆಂಡ ಮಾಡಿ ಒಳಗಿಡೋಣ, ಅಗ್ಗಿಷ್ಟಿಕೆ ಹಾಗೆ" ಅಂದರು. ಊರಿನ ಹೆಂಚಿನ ಮನೆಯಲ್ಲಿ ಅದು ಸರಿ, ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತದೆ. ಇಲ್ಲಿನ ಮನೆಗಳು ಗಾಳಿಯಾಡದ ಡಬ್ಬಿಗಳು. ಅದನ್ನು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆ ಚಳಿಯಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲಿ 246. ಮೂರರಲ್ಲಿ ಎರಡು ಪಾಲು ಚಳಿ ತಾಗಿಯೇ ಹೋದವರು. 19 ಜನ ಹೋದದ್ದು ಕೆಂಡದ, ಕಾರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲದಿಂದ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ದಯವಿಟ್ಟು ಇದ್ದಿಲಿನ ಗ್ರಿಲ್ ಒಳಗೆ ತರಬೇಡಿ, ಗ್ಯಾರೇಜಿನಲ್ಲಿ ಕಾರ್ ಸ್ಟಾರ್ಟ್ ಮಾಡಿ ಕೂರಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಊರಿಂದ ಬಂದ ಅಪ್ಪ ಅಮ್ಮ ಮನೆಯಲ್ಲಿದ್ದರೆ ಇದನ್ನು ಮೊದಲೇ ಅವರ ಕಿವಿಗೆ ಹಾಕಿಡಿ.

ಚಳಿ ಅಷ್ಟಿಲ್ಲದಿದ್ದರೂ ಗಡ್ಡೆಯೊಂದೇ ಏನು ಮಾಡಬಲ್ಲದು ಅನ್ನುವುದಕ್ಕೆ ಕೆನಡಾದವರನ್ನು ಕೇಳಬೇಕು. 1998ರ ಜನವರಿಯಲ್ಲಿ ಮಾಂಟ್ರಿಯಲ್ ಸುತ್ತಮುತ್ತ ಐದಾರು ದಿನ ಫ್ರೀಜಿಂಗ್ ರೇನ್ ಬಿತ್ತು, ಕೆಲವೆಡೆ 100 ಮಿಲಿಮೀಟರ್‌ವರೆಗೆ. ಹೈಟೆನ್ಷನ್ ತಂತಿ ಹೊತ್ತ ಉಕ್ಕಿನ ಗೋಪುರಗಳು ಸಾಲುಸಾಲಾಗಿ ಮಂಡಿಯೂರಿದವು. ಕೆಲವು ಊರುಗಳಿಗೆ ಕರೆಂಟ್ ಬರಲು ಒಂದು ತಿಂಗಳಾಯಿತು. ತಂತಿಯ ಮೇಲೆ ಅರ್ಧ ಅಂಗುಲ ಗಡ್ಡೆ ಕಟ್ಟಿದರೆ ಎರಡು ಕಂಬದ ನಡುವೆ 200 ಕಿಲೋಗೂ ಮಿಕ್ಕಿ ಭಾರ. ನಮ್ಮ ಬೀದಿಯ ಓಕ್ ಮರಗಳಿಗೆ ಅಷ್ಟು ಬೇಕಾಗುವುದೂ ಇಲ್ಲ. ಚಳಿಗಾಲದಲ್ಲೂ ಎಲೆ ಉದುರದ ಜಾತಿ, ಒಂದೊಂದು ಎಲೆಯೂ ಗಡ್ಡೆ ಹಿಡಿದುಕೊಳ್ಳುತ್ತದೆ. ಅವುಗಳ ಕೆಳಗೆ ಕಾರ್ ನಿಲ್ಲಿಸಬೇಡಿ.

ಬ್ಯಾಟರಿಯ ರೇಡಿಯೋ ಒಂದು ಇಟ್ಟುಕೊಳ್ಳಿ. ನಾನು ರೇಡಿಯೋದವನು, ಹೇಳದಿದ್ದರೆ ಹೇಗೆ! ಹವಾಮಾನ ಇಲಾಖೆಯದೇ ಪ್ರಸಾರವಿದೆ, 162 ಮೆಗಾಹರ್ಟ್ಸ್‌ನ ಆಸುಪಾಸಿನ ಏಳು ತರಂಗಗಳಲ್ಲಿ. ಅದಕ್ಕೆಂದೇ ಇರುವ ಸೆಟ್ ಬೇಕು. ಫೋನಿನ ಚಾರ್ಜ್ ಮುಗಿದ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ.

ಕೊನೆಗೆ ನೀರಿನ ಮಾತು, ಅದು ಪೈಪಿನೊಳಗೇ ಗಡ್ಡೆಯಾಗಿ ಪೈಪು ಸೀಳದ ಹಾಗೆ ನೋಡಿಕೊಳ್ಳಬೇಕು. ಹೊರಗಿನ ನಲ್ಲಿಗೆ ಟೋಪಿ ಹಾಕಿ, ಒಳಗಿನ ನಲ್ಲಿ ಸಣ್ಣಗೆ ತೊಟ್ಟಿಕ್ಕಲು ಬಿಡಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ. ಇದೆಲ್ಲ ಮಾಡಿದ್ದೆವು. ಚಳಿ ಇರುವಷ್ಟು ದಿನ ಏನೂ ಆಗಲಿಲ್ಲ. ಬಿಸಿಲು ಬಂದು ಮರಗಳಿಂದ ಗಡ್ಡೆ ಬಳಬಳ ಉದುರತೊಡಗಿದ ದಿನ, ಗೆದ್ದೆವು ಅಂದುಕೊಂಡು ಕಾಫಿಗೆ ಕೂತಾಗ, ಮೇಲಿನ ಛಾವಣಿಯಿಂದ ಟಪ್ ಅಂತ ಒಂದು ಹನಿ ಅಪ್ಪನ ಲೋಟಕ್ಕೇ ಬಿತ್ತು. ಪೈಪು ಸೀಳಿದ್ದು ಚಳಿಯಲ್ಲಿ, ಒಳಗಿನ ಗಡ್ಡೆ ಕರಗುವವರೆಗೂ ಸುದ್ದಿ ಕೊಡಲಿಲ್ಲ. ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಅದು ಮುಂದಿನ ಹುಲ್ಲಿನಲ್ಲಿ, ಮೀಟರಿನ ಮುಚ್ಚಳದ ಕೆಳಗೆ, ಉದ್ದ ಹಿಡಿಯ ಕೀಲಿ ಹಾಕಿ ತಿರುಗಿಸಬೇಕು. ಪಕ್ಕದ ಮನೆಯವರ ಕೀಲಿ ಬರುವಷ್ಟರಲ್ಲಿ ನಡುಮನೆಯ ಕಾರ್ಪೆಟ್ಟು ಗದ್ದೆಯಾಗಿತ್ತು.

ಮರುವಾರವೇ ಅಪ್ಪ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಕೀಲಿ ಕೊಡಿಸಿದರು. ಗ್ಯಾರೇಜಿನ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿದರು, ಕೆಳಗೆ ಇದ್ದಿಲಿನಿಂದ "ನೀರು" ಅಂತ ಕನ್ನಡದಲ್ಲಿ ಬರೆದರು. ಈಗಲೂ ಅಲ್ಲೇ ಇದೆ.

ನಮಸ್ಕಾರ.