ಐದು ನಿಮಿಷ ಕೊಡ್ರಪ್ಪ, ಸಾಕು

ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ಇವತ್ತು ತಲೆ ಕೆಟ್ಟಿದೆ. ಸರ್ಜರಿ ಕಲಿತಿರೋ ನಮ್ಮಂಥವ್ರಿಗೆ ಕೂತು ಹೇಳ್ಕೊಡೋ ಮೆಂಟರ್ ಬೇಕು ಅಂದಿದ್ದೆ, ಆ ಹೋದ ಎಪಿಸೋಡಿಗೆ ಒಬ್ರು ಸೀನಿಯರ್ ಸರ್ಜನ್ ಕಾಮೆಂಟ್ ಹಾಕಿದಾರೆ, "ನಮಗ್ಯಾವ ಮೆಂಟರ್ರೂ ಗಿಂಟರ್ರೂ ಇರ್ಲಿಲ್ಲ, ನೋಡ್ ನೋಡ್ತಾ ಕಲಿತ್ವಿ" ಅಂತ. ನೋಡ್ ನೋಡ್ತಾ! ಸರ್, ಕೊಯ್ದ ಜಾಗ ಅಗಲಿಸಿ ಹಿಡಿಯೋ ರಿಟ್ರ್ಯಾಕ್ಟರ್ನ ಎರಡು ಗಂಟೆ ಹಿಡ್ಕೊಂಡು ನಿಂತಾಗ ನಂಗೆ ಕಂಡಿದ್ದು ನಮ್ ಬಾಸ್ ಭುಜ ಮಾತ್ರ. ಆ ಭುಜದ ಮೇಲೆ ಬೇಕಾದ್ರೆ ಥೀಸಿಸ್ ಬರ್ಕೊಡ್ತೀನಿ.

ನಾನು ಕೇಳ್ತಿರೋದು ಕೇಸ್ ಮುಗಿದ್ಮೇಲೆ ಐದೇ ಐದು ನಿಮಿಷ. ಗಾಲ್‌ಬ್ಲಾಡರ್, ಅಂದ್ರೆ ಪಿತ್ತಕೋಶ, ತೆಗೆದಾಯ್ತಾ, ಗ್ಲೌಸ್ ಬಿಸಾಕಿ ಓಡ್ಬೇಡಿ, ಆ ಡಕ್ಟ್‌ಗೆ ತಕ್ಷಣ ಕ್ಲಿಪ್ ಹಾಕ್ದೆ ಯಾಕೆ ತಡೆದೆ, ಅದು ಪಿತ್ತಕೋಶದ್ದೇ ನಾಳ ಸಿಸ್ಟಿಕ್ ಡಕ್ಟ್ ಅಲ್ದೆ, ಕರುಳಿಗೆ ಪಿತ್ತ ಒಯ್ಯೋ ಮುಖ್ಯ ನಾಳ ಕಾಮನ್ ಬೈಲ್ ಡಕ್ಟ್ ಆಗಿದ್ರೆ ಏನ್ ಗತಿ ಅಂತ ಹೇಳಿ. ಕೈ ಏನ್ ಮಾಡ್ತು ಅನ್ನೋದು ಸ್ಕ್ರೀನಲ್ಲಿ ಕಾಣುತ್ತೆ, ನಿಮ್ ತಲೇಲಿ ಏನ್ ಓಡ್ತು ಅನ್ನೋದು ಕಾಣಲ್ಲ. ಗಂಟು ಹಾಕೋದನ್ನ ಕುರ್ಚಿ ಕಾಲಿಗೆ ದಾರ ಕಟ್ಟಿ ಕಲಿಬಹುದು, ಸಣ್ಣ ತೂತಲ್ಲಿ ಕ್ಯಾಮೆರಾ ಹಾಕಿ ಮಾಡೋ ಲ್ಯಾಪ್ರೋಸ್ಕೋಪಿ ಬಿಟ್ಟು ಹೊಟ್ಟೆ ಓಪನ್ ಮಾಡ್ಬೇಕಾದ್ದು ಯಾವಾಗ ಅಂತ ಕುರ್ಚಿ ಹೇಳ್ಕೊಡಲ್ಲ.

ಆಪರೇಷನ್ ಕಲಿಯೋಕೆ "ಒಂದು ನೋಡು, ಒಂದು ಮಾಡು, ಒಂದು ಕಲಿಸು" ಅಂತೀರಾ? ಲೆಕ್ಕ ಚೆನ್ನಾಗಿದೆ, ಆ ಮಧ್ಯದ ಒಂದಿದೆಯಲ್ಲ, ಅದ್ರಲ್ಲಿ ಟೇಬಲ್ ಮೇಲೆ ಮಲಗೋದು ನೀವಾಗ್ತೀರಾ?

ಇನ್ನು ಕೆಲವ್ರು ಅಮೆರಿಕದ ಹಳೇ ಕಾಲದ ಸರ್ಜನ್ ಹಾಲ್‌ಸ್ಟೆಡ್ ಹೆಸ್ರು ತೆಗಿತಾರೆ. ಹೌದು, 1889ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೇಲಿ ಸರ್ಜರಿ ರೆಸಿಡೆನ್ಸಿ, ಅಂದ್ರೆ ಸರ್ಜನ್ ಆಗೋ ತರಬೇತಿ, ಕಟ್ಟಿದ್ದು ಅವ್ರೇ, ಹುಡುಗ್ರು ವರ್ಷಗಟ್ಟಲೆ ಅಲ್ಲೇ ವಾಸ. ಆದ್ರೆ ಅದ್ರ ಜೀವಾಳ ನಿದ್ದೆಗೆಡೋದಲ್ಲ ಸ್ವಾಮಿ, ಹಂತ ಹಂತವಾಗಿ ಜವಾಬ್ದಾರಿ ಕೊಡೋದು. ಹಂತ ದಾಟಿದಾನೋ ಇಲ್ವೋ ಅಂತ ಮಾತಾಡ್ದೇ ಹೆಂಗ್ ಗೊತ್ತಾಗುತ್ತೆ? ಐದು ನಿಮಿಷ! ಅಂದಹಾಗೆ ಆಪರೇಷನ್ ಥಿಯೇಟರಲ್ಲಿದ್ದ ನರ್ಸ್ ಕೈ ಚರ್ಮ ಕಿತ್ತು ಬರ್ತಿದೆ ಅಂತ ರಬ್ಬರ್ ಗ್ಲೌಸ್ ಮಾಡಿಸಿದ್ದೂ ಇದೇ ಹಾಲ್‌ಸ್ಟೆಡ್, ಆಮೇಲೆ ಅವ್ರನ್ನೇ ಮದ್ವೆ ಆದ್ರು. ಆ ಲವ್ ಸ್ಟೋರಿ ಬೇರೆ ಎಪಿಸೋಡಲ್ಲಿ ಹೇಳ್ತೀನಿ, ಸಬ್‌ಸ್ಕ್ರೈಬ್ ಮಾಡ್ಕೊಂಡಿರಿ.

ಟೈಮಿಲ್ವಂತೆ. ಬೈಯೋಕೆ ಮಾತ್ರ ಇಪ್ಪತ್ತು ನಿಮಿಷ ಎಲ್ಲಿಂದ ಬರುತ್ತೋ! "ಬೈದ್ರೇನೇ ಬುದ್ಧಿ ಬರೋದು" ಅಂತೀರಾ, ಬಂದಿದ್ರೆ ನಾನಿಷ್ಟೊತ್ತಿಗೆ ಪ್ರೊಫೆಸರ್ ಆಗಿರ್ತಿದ್ದೆ. ಐದು ನಿಮಿಷ ರೀ. ಟೀ ಕುಡಿತಾ ಹೇಳಿ, ನೋಟ್ಸ್ ಬರಿತಾ ಹೇಳಿ, ಲಿಫ್ಟಲ್ಲಿ ಹೇಳಿ, ಪೇಷಂಟ್ ಹೆಸ್ರು ಒಂದ್ ಬಿಟ್ಟು. ಲಿಫ್ಟ್ ಕೆಟ್ಟು ನಿಂತ್ರೆ ಇನ್ನೂ ಒಳ್ಳೇದು, ಓಡಿಹೋಗಕ್ಕಾಗಲ್ಲ.

ಎಡಿಟರ್ ಕೈ ಸನ್ನೆ ಮಾಡ್ತಿದಾನೆ, ಮುಗ್ಸು ಮಾರಾಯ ಅಂತ. ಕಾಮೆಂಟ್ ಹಾಕಿದ ಸರ್, ನಿಮ್ದನ್ನ ಪಿನ್ ಮಾಡಿದೀನಿ. ಈ ಎಪಿಸೋಡ್ ಏಳು ನಿಮಿಷ ಇದೆ, ಪೂರ್ತಿ ನೋಡಿದ್ರೆ ಟೈಮ್ ಇದೆ ಅಂತಾಯ್ತು.