ತಲೆ ತೊಳೆದ ಮೇಲೆ ಗೊತ್ತಾಗುತ್ತದೆ

ಎಲ್ಲರಿಗೂ ನಮಸ್ಕಾರ. ಇವತ್ತು ಗುಂಗುರು ಕೂದಲಿನವರ ಜೊತೆ ಮಾತು. ಕೆಮಿಕಲ್ ಏನೂ ಹಾಕಿಸದೆ, ಹುಟ್ಟಿನಿಂದ ಹೇಗಿದೆಯೋ ಹಾಗೇ ಬೆಳೆಸಿಕೊಂಡು ಬಂದು, ಯಾವತ್ತೋ ಒಂದು ದಿನ "ಒಂದ್ಸಲ ಸ್ಟ್ರೈಟ್ ಮಾಡಿಸಿ ನೋಡೋಣ" ಅಂತ ಸಲೂನಿಗೆ ಹೋಗುತ್ತೀರಲ್ಲ, ನಿಮಗೇ ಹೇಳುತ್ತಿರುವುದು. ನೇರ ಕೂದಲಿನವರೂ ಕೇಳಿಸಿಕೊಳ್ಳಿ, ನಷ್ಟ ಏನಿಲ್ಲ.

ಹೀಟ್ ಸ್ಟೈಲಿಂಗ್, ಅಂದರೆ ಎರಡು ಬಿಸಿ ಪ್ಲೇಟಿನ ಮಧ್ಯೆ ಕೂದಲು ಎಳೆಯುವ ಫ್ಲಾಟ್ ಐರನ್ ಥರದ ಸಾಧನದಿಂದ ಆಕಾರ ಕೊಡುವುದು, ಮಾಡಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಕೂದಲು ಹಾಳಾಯಿತೋ ಇಲ್ಲವೋ ಅನ್ನುವುದು ಸಲೂನಿನಲ್ಲಿ ಇರುವಷ್ಟು ಹೊತ್ತು ಯಾರಿಗೂ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಾಗುವುದಿಲ್ಲ, ಐರನ್ ಹಿಡಿದವರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮನೆಯಲ್ಲಿ, ಮುಂದಿನ ಸಲ ತಲೆಗೆ ನೀರು ಹಾಕಿಕೊಂಡಾಗ, ಎಲ್ಲ ಕಡೆ ಸುರುಳಿ ವಾಪಸ್ ಬಂದು ಮುಂಭಾಗದ ಒಂದಿಷ್ಟು ಕೂದಲು ಮಾತ್ರ ಕಡ್ಡಿ ಥರ ಜೋತುಬಿದ್ದಾಗ. ಅಷ್ಟರಲ್ಲಿ ಆ ಸ್ಟೈಲಿಸ್ಟ್ ಇನ್ನೂ ಎಷ್ಟೋ ತಲೆ ಮುಗಿಸಿರುತ್ತಾರೆ. ಅವರ ಲೆಕ್ಕದಲ್ಲಿ ನಿಮ್ಮ ಕೆಲಸ ಚೆನ್ನಾಗೇ ಆಗಿದೆ. ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಂಡಿರಿ, ಫೋಟೋ ತೆಗೆಸಿಕೊಂಡಿರಿ, ದುಡ್ಡು ಕೊಟ್ಟಿರಿ, ಹೋದಿರಿ. ಹಾಳಾದ ಕೂದಲು ಹಿಡಿದುಕೊಂಡು ವಾಪಸ್ ಹೋಗಿ "ನೋಡಿ ಹೀಗಾಯ್ತು" ಅಂತ ತೋರಿಸುವವರು ಕಡಿಮೆ. ಬೇಜಾರು ಮಾಡಿಕೊಂಡು, ಬೇರೆ ಸಲೂನು ಹುಡುಕಿಕೊಳ್ಳುತ್ತೇವೆ ಅಷ್ಟೇ. ಹೀಗಾಗಿ ವರ್ಷಗಟ್ಟಲೆ ಅನುಭವ ಇರುವವರಿಗೂ ತಮ್ಮ ಕೈಯಿಂದ ಎಷ್ಟು ಕೂದಲು ಸುಟ್ಟಿದೆ ಅನ್ನುವ ಲೆಕ್ಕ ಸಿಕ್ಕಿರುವುದೇ ಇಲ್ಲ. ಅವರು ಕೆಟ್ಟವರು ಅಂತಲ್ಲ. ಸುದ್ದಿ ಅವರವರೆಗೆ ಹೋಗುವುದಿಲ್ಲ.

"ಇದು ಟೆಂಪರರಿ, ತಲೆ ತೊಳೆದರೆ ಗುಂಗುರು ಬಂದುಬಿಡುತ್ತೆ" ಅನ್ನುತ್ತಾರಲ್ಲ, ಅದೂ ಸುಳ್ಳಲ್ಲ. ಅರ್ಧ ನಿಜ. ಕೂದಲಿನ ಮುಖ್ಯ ಸರಕು ಕೆರಟಿನ್ ಅನ್ನುವ ಪ್ರೋಟೀನು. ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕಿರುವ ಬಂಧಗಳಲ್ಲಿ ಎರಡು ಗೊತ್ತಿದ್ದರೆ ನಮಗೆ ಸಾಕು. ಒಂದು ಹೈಡ್ರೋಜನ್ ಬಂಧ. ಇದು ಸಡಿಲ. ನೀರು ತಾಗಿದರೂ ಬಿಡುತ್ತದೆ, ಬಿಸಿ ತಾಗಿದರೂ ಬಿಡುತ್ತದೆ, ಆಮೇಲೆ ಕೂದಲು ಒಣಗಿ ತಣ್ಣಗಾಗುವಾಗ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಇನ್ನೊಂದು ಡೈಸಲ್ಫೈಡ್ ಬಂಧ. ಇದು ಗಟ್ಟಿ, ಇದನ್ನು ಮುರಿಯೋಕೆ ಅಂತಲೇ ಕೂದಲು ನೇರ ಮಾಡುವ ರಿಲ್ಯಾಕ್ಸರ್, ಸುರುಳಿ ಬರಿಸುವ ಪರ್ಮ್ ಥರದ ಕೆಮಿಕಲ್ ಹಾಕುತ್ತಾರೆ. ಫ್ಲಾಟ್ ಐರನ್ ಆಟ ಆಡುವುದು ಮೊದಲನೆಯದರ ಜೊತೆ. ಅದಕ್ಕೇ ನಾಲ್ಕು ಹನಿ ಮಳೆ ಬಿದ್ದರೆ, ಸ್ವಲ್ಪ ಬೆವರಿದರೆ ಸಾಕು, ಹಣೆ ಹತ್ತಿರದ ಕೂದಲು ಮೊದಲು ಸುರುಳಿ ಸುತ್ತಿಕೊಳ್ಳುತ್ತದೆ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಕೂತು ಮಾತಾಡುತ್ತಿರಲಿಲ್ಲ. ಬಿಸಿ ಒಂದು ಮಟ್ಟ ದಾಟಿತು ಅಂದರೆ ಬಂಧ ಬಿಟ್ಟು ಕಟ್ಟುವ ಮಾತೇ ಇಲ್ಲ, ಪ್ರೋಟೀನಿನ ರಚನೆಯೇ ಕೆಡುತ್ತದೆ. ಕೆಟ್ಟಿದ್ದು ಮತ್ತೆ ಸರಿಯಾಗುವುದಿಲ್ಲ. ಪೂರ್ತಿ ಒಣಗಿದ ಕೂದಲಿನಲ್ಲಿ ಇದು ಸುಮಾರು 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆಗುತ್ತದೆ. ಈಗ ಸಲೂನಿನ ಐರನ್ ತೆಗೆದು ನೋಡಿ, ಎಷ್ಟೋ ಮಾಡೆಲ್‌ಗಳಲ್ಲಿ ಕೊನೆಯ ಸೆಟ್ಟಿಂಗ್ ಎಷ್ಟು? 230. ಹಾಗಂತ 200ರಲ್ಲಿ ಮಾಡಿದರೆ ಏನೂ ಆಗಲ್ಲ ಅಂತಲ್ಲ. ಕಡಿಮೆ ಬಿಸಿಯಲ್ಲೂ ಪದೇ ಪದೇ ಎಳೆದರೆ ಸ್ವಲ್ಪ ಸ್ವಲ್ಪವೇ ಹಾಳಾಗುತ್ತ ಹೋಗುತ್ತದೆ, ಆ ಲೆಕ್ಕ ಕೂಡುತ್ತಲೇ ಇರುತ್ತದೆ. ಕೂದಲು ಜೀವ ಇಲ್ಲದ ವಸ್ತು ನೋಡಿ. ಚರ್ಮ ಸುಟ್ಟರೆ ಗಾಯ ಮಾಯುತ್ತದೆ, ಕೂದಲಿಗೆ ಆ ಭಾಗ್ಯ ಇಲ್ಲ. ಬುಡದಿಂದ ಹೊಸದು ಬರಬೇಕು, ಅದೂ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಲೆಕ್ಕದಲ್ಲಿ. ಎಳೆದು ಹಿಡಿದರೆ 30 ಸೆಂಟಿಮೀಟರ್ ಬರುವ ಕೂದಲು ಹಾಳಾಯಿತು ಅಂದುಕೊಳ್ಳಿ, ಅಷ್ಟೇ ಉದ್ದ ಮತ್ತೆ ಬರೋಕೆ ಎರಡು ವರ್ಷದ ಮೇಲೆ ಬೇಕು. ಒಂದು ಮಧ್ಯಾಹ್ನದ ಕೆಲಸಕ್ಕೆ.

ಗುಂಗುರು ಕೂದಲಿಗೇ ಇದರ ಹೊಡೆತ ಯಾಕೆ ಜಾಸ್ತಿ? ಒಂದು ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ಪ್ರತಿ ತಿರುವಿನಲ್ಲೂ ಮೇಲಿನ ಪದರ, ಕ್ಯೂಟಿಕಲ್, ಸ್ವಲ್ಪ ಎದ್ದಿರುತ್ತದೆ. ಅಂದರೆ ಪ್ರತಿ ತಿರುವೂ ಒಂದು ಬಲಹೀನ ಜಾಗ. ತಲೆಯಲ್ಲಿ ಹುಟ್ಟುವ ಜಿಡ್ಡು ಅಷ್ಟು ತಿರುವು ದಾಟಿ ತುದಿವರೆಗೆ ಇಳಿಯುವುದೂ ಕಷ್ಟ, ಹಾಗಾಗಿ ತುದಿ ಮೊದಲೇ ಒಣಗಿರುತ್ತದೆ. ಇಂಥ ಕೂದಲಿಗೆ ಬಿಸಿ ಕಡಿಮೆ ಇಡಬೇಕು, ಅಲ್ವಾ? ನಡೆಯುವುದು ಉಲ್ಟಾ. ಸುರುಳಿ ಬಿಗಿ ಇದ್ದಷ್ಟೂ "ನಿಮ್ದು ತುಂಬಾ ಹಟಮಾರಿ ಕೂದಲು" ಅಂತ ಹೇಳಿ ಬಿಸಿ ಏರಿಸುತ್ತಾರೆ. ಒಂದೇ ಜಾಗದ ಮೇಲೆ ಮೂರು ಸಲ, ನಾಲ್ಕು ಸಲ ಎಳೆಯುತ್ತಾರೆ.

ಮತ್ತೆ ಆ ಹೊಳಪು. ಅದನ್ನು ನೋಡಿಯೇ ನಾವೆಲ್ಲ ಮೋಸಹೋಗುವುದು. ಐರನ್ನಿನ ಒತ್ತಡಕ್ಕೆ ಕ್ಯೂಟಿಕಲ್ ಚಪ್ಪಟೆಯಾಗಿ ಮಲಗುತ್ತದೆ, ಮೇಲೆ ಸೀರಮ್ಮಿನ ಸಿಲಿಕೋನ್ ಒಂದು ಪದರ ಕೂರುತ್ತದೆ, ಬೆಳಕು ಬಿದ್ದರೆ ಫಳಫಳ. ಒಳಗೆ ಸುಟ್ಟಿದ್ದರೂ ಅವತ್ತಿನ ಮಟ್ಟಿಗೆ ಹೊಳಪಿಗೆ ಏನೂ ಕಮ್ಮಿ ಇರುವುದಿಲ್ಲ. ಸಲೂನಿನ ಕನ್ನಡಿಯನ್ನು ಸಾಕ್ಷಿ ಕರೆದರೆ ಅದು ಯಾವಾಗಲೂ ಸಲೂನಿನ ಪರವೇ.

ಹಳೇ ಕಾಲದ ಒಂದು ವಿಷಯ ನನಗೆ ತುಂಬಾ ಇಷ್ಟ. 1870ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಮಾರ್ಸೆಲ್ ಗ್ರಾತೋ ಅನ್ನುವವರು ಕಾಯಿಸಿದ ಇಕ್ಕಳದಿಂದ ಕೂದಲಿಗೆ ಅಲೆ ಬರಿಸುವ ಸ್ಟೈಲ್ ತಂದು ಹೆಸರು ಮಾಡಿದರು. ಆ ಇಕ್ಕಳಕ್ಕೆ ಕರೆಂಟಿಲ್ಲ, ನಂಬರ್ ತೋರಿಸುವ ಡಿಸ್‌ಪ್ಲೇ ಇಲ್ಲ, ಉರಿಯಲ್ಲಿ ಕಾಯಿಸಬೇಕು. ಬಿಸಿ ಎಷ್ಟಾಗಿದೆ ಅಂತ ನೋಡೋಕೆ ಅಂಥ ಇಕ್ಕಳ ಬಳಸುವವರು ಒಂದು ಚೂರು ಕಾಗದ ಹಿಡಿಯುತ್ತಿದ್ದರು. ಕಾಗದ ಕಂದು ಬಣ್ಣಕ್ಕೆ ತಿರುಗಿದರೆ ಇಕ್ಕಳ ಪಕ್ಕಕ್ಕೆ, ಸ್ವಲ್ಪ ಆರಲಿ ಅಂತ. ಅಂದರೆ ತಲೆಗೆ ತಾಗಿಸುವ ಮೊದಲು ಬೇರೆ ಏನಕ್ಕಾದರೂ ತಾಗಿಸಿ ನೋಡುವುದು ಕೆಲಸದ ಭಾಗವೇ ಆಗಿತ್ತು. ಈಗ ಡಿಸ್‌ಪ್ಲೇನಲ್ಲಿ ನಂಬರ್ ಬರುತ್ತದೆ, ಅದನ್ನು ನಂಬಿ ನೇರ ತಲೆಗೇ ಹಾಕುತ್ತೇವೆ. ಅಗ್ಗದ ಅಥವಾ ಹಳೆಯ ಐರನ್ನಿನಲ್ಲಿ ಆ ನಂಬರಿಗೂ ಪ್ಲೇಟಿನ ನಿಜವಾದ ಬಿಸಿಗೂ ವ್ಯತ್ಯಾಸ ಇರಬಹುದು, ಪ್ಲೇಟಿನ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇರಬಹುದು.

ಇನ್ನು ಶಬ್ದ. ಐರನ್ ಇಟ್ಟ ತಕ್ಷಣ ಚುಯ್ ಅಂತ ಕೇಳಿಸಿತಾ? ಹಬೆ ಎದ್ದಿತಾ? "ಅದು ಸೀರಮ್ ಹೊಗೆ ಮೇಡಂ, ಏನೂ ಆಗಲ್ಲ" ಅನ್ನುತ್ತಾರೆ. ಕೆಲವು ಸಲ ಅದು ನಿಜವೇ, ಹಾಕಿದ ಪ್ರಾಡಕ್ಟ್ ಆವಿಯಾಗುತ್ತದೆ. ಆದರೆ ಚುಯ್ ಅನ್ನುವುದು ಹೆಚ್ಚಾಗಿ ನೀರು. ಕೂದಲಿನ ಒಳಗೆ ನೀರಿದ್ದಾಗ ಬಿಸಿ ಪ್ಲೇಟಿನ ಮಧ್ಯೆ ಒತ್ತಿದರೆ ಆ ನೀರು ಒಂದೇ ಏಟಿಗೆ ಹಬೆಯಾಗಿ, ಹೊರಗೆ ದಾರಿ ಸಿಗದೆ, ಹಸಿ ಸೌದೆ ಒಲೆಯಲ್ಲಿ ಸಿಡಿಯುತ್ತದಲ್ಲ ಹಾಗೆ, ಒಳಗಿನಿಂದಲೇ ಕೂದಲನ್ನು ಉಬ್ಬಿಸುತ್ತದೆ. ಎಳೆಯೊಳಗೆ ಗುಳ್ಳೆಗಳು ಉಳಿದುಬಿಡುತ್ತವೆ. ಚರ್ಮದ ಡಾಕ್ಟರುಗಳ ಪುಸ್ತಕದಲ್ಲಿ ಇದಕ್ಕೆ ಬಬಲ್ ಹೇರ್ ಅಂತಲೇ ಹೆಸರಿದೆ. ಆ ಗುಳ್ಳೆ ಇದ್ದ ಕಡೆ ಬಾಚಣಿಗೆ ಸಿಕ್ಕಿದರೆ ಪಟ್ ಅಂತ ತುಂಡು. ಜೊತೆಗೆ ಒದ್ದೆ ಕೂದಲಿನಲ್ಲಿ ಪ್ರೋಟೀನ್ ಕೆಡುವುದು 230ಕ್ಕಲ್ಲ, ಅದಕ್ಕಿಂತ ಎಷ್ಟೋ ಕೆಳಗೆ, 150ರ ಆಸುಪಾಸಿನಲ್ಲೇ. ಮುಟ್ಟಿದರೆ ಒಣಗಿದ ಹಾಗೆ ಕಾಣುವ ದಟ್ಟ ಗುಂಗುರು ಕೂದಲಿನ ನಡುಭಾಗದಲ್ಲಿ ಇನ್ನೂ ತೇವ ಇರುತ್ತದೆ, ಗಡಿಬಿಡಿಯಲ್ಲಿ ಅದು ತಪ್ಪಿಹೋಗುತ್ತದೆ. ಹಾಗಾಗಿ ಚುಯ್ ಅಂದಾಗ ಸಂಕೋಚ ಬಿಟ್ಟು ಹೇಳಿ, "ನಿಲ್ಲಿಸಿ, ಇನ್ನೂ ಒಣಗಿಲ್ಲ" ಅಂತ.

ಹೀಟ್ ಪ್ರೊಟೆಕ್ಟಂಟ್, ಅಂದರೆ ಐರನ್ ಇಡುವ ಮೊದಲು ಬಿಸಿಯಿಂದ ಕಾಪಾಡೋಕೆ ಅಂತ ಕೂದಲಿಗೆ ಹಾಕುವ ಸ್ಪ್ರೇ, ಕ್ರೀಮ್ ಥರದ್ದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಕಿಸಿ. ಅದು ಬಿಸಿ ಒಳಗೆ ಹೋಗುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ, ಒಂದೇ ಕಡೆ ಬೀಳದ ಹಾಗೆ ಹರಡುತ್ತದೆ. ತಡೆಯುವುದಿಲ್ಲ. ಅದನ್ನು ಹಾಕಿದ ಧೈರ್ಯದ ಮೇಲೆ ಬಿಸಿ ಏರಿಸಿದರೆ ಹಾಕಿದ್ದೂ ವ್ಯರ್ಥ.

ಸರಿ, ಹಾಗಾದರೆ ಮಾಡಬೇಕಾದ್ದೇನು? ಮನೆಯಲ್ಲಿ ಗೊತ್ತಾಗುವುದನ್ನು ಸಲೂನಿನಲ್ಲೇ ಗೊತ್ತಾಗುವ ಹಾಗೆ ಮಾಡಿಕೊಳ್ಳಿ. ಕುತ್ತಿಗೆ ಹಿಂದೆ, ಬೇರೆಯವರ ಕಣ್ಣಿಗೆ ಬೀಳದ ಜಾಗದಲ್ಲಿ, ಪೆನ್ಸಿಲ್ ದಪ್ಪದ ಒಂದು ಎಸಳು ಬಿಡಿಸಿಕೊಳ್ಳಲಿ. ಪೂರ್ತಿ ಒಣಗಿಸಿ, ಇಡೀ ತಲೆಗೆ ಯಾವ ಬಿಸಿ ಇಡಬೇಕು ಅಂದುಕೊಂಡಿದ್ದಾರೋ ಅದರಲ್ಲೇ, ಎಷ್ಟು ಸಲ ಎಳೆಯಬೇಕು ಅಂದುಕೊಂಡಿದ್ದಾರೋ ಅಷ್ಟೇ ಸಲ ಎಳೆಯಲಿ. ತಣ್ಣಗಾಗಲಿ. ಆಮೇಲೆ ಅದೊಂದೇ ಎಸಳಿಗೆ ಸ್ಪ್ರೇ ಬಾಟಲಿಯಿಂದ ಚೆನ್ನಾಗಿ ನೀರು ಹೊಡೆದು ಕಾಯಿರಿ. ಪಕ್ಕದಲ್ಲಿ ಬಿಸಿ ಮುಟ್ಟದ ಎಸಳನ್ನೂ ಒದ್ದೆ ಮಾಡಿ ಇಟ್ಟುಕೊಂಡು ಎರಡನ್ನೂ ಹೋಲಿಸಿ. ಎರಡೂ ಒಂದೇ ಥರ ಸುತ್ತಿಕೊಂಡರೆ ಮುಂದುವರಿಯಬಹುದು. ಐರನ್ ಮಾಡಿದ್ದು ಅರ್ಧಕ್ಕೆ ಸುತ್ತಿ ತುದಿ ಮಾತ್ರ ನೇರ ನಿಂತರೆ, ಬಿಸಿ ಇಳಿಸಬೇಕು, ಇಲ್ಲವೇ ಆ ದಿನಕ್ಕೆ ಕೈಬಿಡಬೇಕು. ಹತ್ತು ಹದಿನೈದು ನಿಮಿಷದ ಕೆಲಸ. ಎಷ್ಟೋ ತಿಂಗಳಿಂದ ಕೂಡುತ್ತ ಬಂದ ಪೆಟ್ಟನ್ನೆಲ್ಲ ಇದು ತೋರಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಕಣ್ಣುಮುಚ್ಚಿ ಕೂರುವುದಕ್ಕಿಂತ ಸಾವಿರ ಪಾಲು ವಾಸಿ.

ಬಿಸಿ ಎಷ್ಟಿರಬೇಕು ಅಂತ ಕೇಳುತ್ತೀರಿ, ಗೊತ್ತು. ಎಲ್ಲರಿಗೂ ಒಂದೇ ನಂಬರ್ ಹೇಳಿದರೆ ನಾನೂ ಅದೇ ತಪ್ಪು ದಾರಿ ಹಿಡಿದ ಹಾಗೆ. ತೆಳು ಎಳೆ, ಬಣ್ಣ ಹಾಕಿಸಿದ ಕೂದಲು, ಬ್ಲೀಚ್ ಆದ ಕೂದಲು, ಇವಕ್ಕೆ 150ರಿಂದ ಶುರು ಮಾಡಿಸಿ. ದಪ್ಪ ಎಳೆಗೆ ಸ್ವಲ್ಪ ಮೇಲೆ. ಕಡಿಮೆ ಬಿಸಿ ಇಟ್ಟು ಆರು ಸಲ ಎಳೆಯುವುದಕ್ಕಿಂತ, ಸಣ್ಣ ಸಣ್ಣ ಭಾಗ ಮಾಡಿಕೊಂಡು, ಟೆಸ್ಟಿನಲ್ಲಿ ಪಾಸಾದ ಬಿಸಿಯಲ್ಲಿ ಒಂದೇ ಸಲ, ಹೆಚ್ಚೆಂದರೆ ಎರಡು ಸಲ ಎಳೆಯುವುದು ಮೇಲು. ದೊಡ್ಡ ದೊಡ್ಡ ಭಾಗ ಹಿಡಿದು ಎಳೆಯುವವರಿಗೆ ಇರುವುದು ಟೈಮಿನ ಚಿಂತೆ. ಮುಂದಿನ ಗಿರಾಕಿ ಕೂತಿರುತ್ತಾರೆ ಪಾಪ. ಅದಕ್ಕೇ ಗಡಿಬಿಡಿ ಇಲ್ಲದ ದಿನ ಹೋಗಿ.

ಗಿರಾಕಿಗಳಾದ ನಮ್ಮ ಪಾಲೂ ಇದೆ. "ಒಂದು ಚೂರೂ ಅಲೆ ಇರಬಾರದು, ವಾರ ಪೂರ್ತಿ ನಿಲ್ಲಬೇಕು" ಅಂತ ಹಟ ಹಿಡಿದರೆ ಅವರಾದರೂ ಏನು ಮಾಡುತ್ತಾರೆ, ನಂಬರ್ ಏರಿಸುತ್ತಾರೆ.

ಇನ್ನೊಂದು ಎಚ್ಚರ. ಕೂದಲು ಒರಟಾಗಿದೆ ಅಂತ ಹೇಳಿದ ತಕ್ಷಣ "ಕೆರಟಿನ್ ಟ್ರೀಟ್‌ಮೆಂಟ್ ಮಾಡಿಸಿಬಿಡಿ, ರಿಪೇರಿ ಆಗುತ್ತೆ" ಅನ್ನುತ್ತಾರೆ. ಆ ಟ್ರೀಟ್‌ಮೆಂಟಿನಲ್ಲಿ ಹಚ್ಚಿದ್ದನ್ನು ಒಳಗೆ ಕೂರಿಸೋಕೆ ಅಂತ ಮತ್ತೆ ಐರನ್, ಅದೂ ಸಾಮಾನ್ಯವಾಗಿ 200ರ ಮೇಲೆ, ಅದೂ ಹಲವು ಸಲ. ಬಿಸಿಯಿಂದ ಕೆಟ್ಟಿದ್ದಕ್ಕೆ ಬಿಸಿಯೇ ಔಷಧಿ! ಕೆಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಲೇಬಲ್ಲಿನಲ್ಲಿ ಆ ಹೆಸರು ಇರದೆ ಮೆಥಿಲಿನ್ ಗ್ಲೈಕಾಲ್, ಗ್ಲೈಆಕ್ಸಿಲಿಕ್ ಆಸಿಡ್ ಅಂತ ಇರಬಹುದು, ಬಿಸಿ ತಾಗಿದಾಗ ಅವುಗಳಿಂದಲೂ ಅದು ಬರುತ್ತದೆ. ಕಣ್ಣು ಉರಿದು ನೀರು ಬಂದರೆ ಎದ್ದು ಹೊರಗೆ ಹೋಗಿ. ದಿನವಿಡೀ ಆ ಹೊಗೆಯಲ್ಲೇ ನಿಂತು ಕೆಲಸ ಮಾಡುವವರ ಸ್ಥಿತಿ ಇನ್ನೂ ಕಷ್ಟ.

ಬಿಸಿಯಿಂದ ಬೋಳಾಗುತ್ತೇವಾ ಅನ್ನುವ ಭಯವೂ ಕೆಲವರಿಗಿದೆ. 1968ರಲ್ಲಿ ವೈದ್ಯರು ನಡುನೆತ್ತಿ ಬರಿದಾಗುವ ಒಂದು ಸಮಸ್ಯೆಗೆ ಹಾಟ್ ಕೋಂಬ್ ಅಲೋಪೇಷಿಯಾ ಅಂತಲೇ ಹೆಸರಿಟ್ಟರು. ಕಾಯಿಸಿದ ಬಾಚಣಿಗೆಯೇ ಕಾರಣ ಅಂತ. ಆಮೇಲೆ ಅದನ್ನು ಬಳಸದವರಲ್ಲೂ ಆ ಸಮಸ್ಯೆ ಸಿಕ್ಕಿತು, ಹೆಸರು ಬದಲಾಯಿತು. ಐರನ್ ಸಾಮಾನ್ಯವಾಗಿ ಹಾಳುಮಾಡುವುದು ಹೊರಗಿರುವ ಕೂದಲನ್ನು, ಬುಡವನ್ನಲ್ಲ. ನೆತ್ತಿಯಲ್ಲಿ ಉರಿ, ತುರಿಕೆ ಇದ್ದು ಬೈತಲೆ ಅಗಲ ಆಗುತ್ತಿದ್ದರೆ ಸಲೂನಿಗಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗಬೇಕು.

ಈಗಾಗಲೇ ಹಾಳಾಗಿದ್ದರೆ ಏನು ಮಾಡುವುದು? ಕತ್ತರಿಸಬೇಕು, ಒಂದೇ ಸಲ ಅಥವಾ ಸ್ವಲ್ಪ ಸ್ವಲ್ಪ. ಮಾಸ್ಕ್, ಎಣ್ಣೆ, ಪ್ರೋಟೀನ್ ಎಲ್ಲ ಮುಟ್ಟೋಕೆ ಮೆತ್ತಗೆ ಮಾಡುತ್ತವೆ, ತುಂಡಾಗುವುದನ್ನು ಕಮ್ಮಿ ಮಾಡುತ್ತವೆ, ಸುರುಳಿ ವಾಪಸ್ ತರುವುದಿಲ್ಲ. ಆ ನೇರ ತುದಿಗಳನ್ನು ಮುಚ್ಚೋಕೆ ಅಂತ ಮತ್ತೆ ಮತ್ತೆ ಐರನ್ ಮಾಡಿಸುವ ಚಕ್ರಕ್ಕೆ ಮಾತ್ರ ಬೀಳಬೇಡಿ.

ಮತ್ತೆ ಒಂದು ಕೆಲಸ ಮಾಡಿ. ಸಲೂನಿಗೆ ಹೋಗುವ ಮೊದಲು ಒದ್ದೆ ಕೂದಲಿನ ಒಂದು ಫೋಟೋ ತೆಗೆದಿಡಿ. ಬಂದ ಮೇಲೆ ಮೊದಲ ಸಲ ತಲೆ ತೊಳೆದಾಗ ಇನ್ನೊಂದು. ಚೆನ್ನಾಗಿದ್ದರೂ ಸರಿ, ಹಾಳಾಗಿದ್ದರೂ ಸರಿ, ಎರಡನ್ನೂ ನಿಮ್ಮ ಸ್ಟೈಲಿಸ್ಟಿಗೆ ಕಳಿಸಿ, ಜಗಳಕ್ಕಲ್ಲ, ಅವರಿಗೂ ಗೊತ್ತಾಗಲಿ ಅಂತ. ಅದನ್ನು ನೋಡಿ ಸಿಟ್ಟು ಮಾಡಿಕೊಳ್ಳುವವರ ಹತ್ತಿರ ಮತ್ತೆ ಹೋಗುವುದು ಬೇಡ. "ಯಾವ ಬಿಸಿ ಇಟ್ಟಿದ್ದೆ, ಎಷ್ಟು ಸಲ ಎಳೆದಿದ್ದೆ" ಅಂತ ನೆನಪು ಮಾಡಿಕೊಂಡು ನಿಮ್ಮ ಹೆಸರಿನ ಮುಂದೆ ಬರೆದಿಟ್ಟುಕೊಳ್ಳುವವರು ಸಿಕ್ಕಿದರೆ, ಎಷ್ಟೇ ದೂರ ಆದರೂ ಅವರನ್ನು ಬಿಡಬೇಡಿ.