ಸಿಲ್ವರ್ ಮರ, ಎರಡು ಇಂಚಿನ ಜಗಳ

ಹಗ್ಗ ಕಟ್ಟಿ ಮರ ಉರುಳಿಸುವುದು ಈ ವಿಡಿಯೊದಲ್ಲಿ ನಿಮಗೇ ಕಾಣುತ್ತಿದೆ. ಕಾಫಿ ಗಿಡಗಳ ಮೇಲೆ ಬೀಳಲಿಲ್ಲ, ಪುಣ್ಯ. ಇದು ಮೂಡಿಗೆರೆ ಕಡೆಯ ನಮ್ಮ ತೋಟ. ಕೆಳಗೆ ಅರೇಬಿಕಾ ಕಾಫಿ, ಮೇಲೆ ಸಿಲ್ವರ್ ಓಕ್. ಆಸ್ಟ್ರೇಲಿಯಾದ ಪೂರ್ವ ಭಾಗದ ಮರ, ನೆರಳಿಗೆಂದು ಕಾಫಿ, ಟೀ ತೋಟಗಳಿಗೆ ಬಂದದ್ದು. ನೆಟ್ಟಗೆ, ಬೇಗ ಬೆಳೆಯುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಬಹುದು. ಕಡಿಯಲು ಅನುಮತಿಗಾಗಿ ಅಲೆಯಬೇಕಿಲ್ಲ. ಸಣ್ಣ ಬೆಳೆಗಾರರಿಗೆ ಇದಕ್ಕಿಂತ ಒಳ್ಳೆಯ ಮರವಿಲ್ಲ.

ಈಗ ವ್ಯಾಪಾರಿಗೆ ಮಾರುವ ದಿಮ್ಮಿಗಳ ಅಳತೆ. ಇದನ್ನು ಮಾತ್ರ ಪೂರ್ತಿ ನೋಡಿ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಬೇಕು. ಬಂದದ್ದರ ವರ್ಗವನ್ನು ಉದ್ದದ ಅಡಿಯಿಂದ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಈ ದಿಮ್ಮಿಯ ಸುತ್ತಳತೆ 48 ಇಂಚು, ಉದ್ದ 10 ಅಡಿ. ಲೆಕ್ಕಕ್ಕೆ ಹತ್ತು ಘನ ಅಡಿ. ಆದರೆ ದುಂಡು ದಿಮ್ಮಿಯಲ್ಲಿ ನಿಜಕ್ಕೂ ಇರುವುದು 12.7 ಘನ ಅಡಿ! ಐದರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಈ ಲೆಕ್ಕದಲ್ಲೇ ಬಿಟ್ಟುಕೊಟ್ಟಾಯಿತು. ತೊಗಟೆಗೂ ಗರಗಸದ ಹುಡಿಗೂ ಅಷ್ಟು ಸಾಲದೇ? ಆದರೂ ವ್ಯಾಪಾರಿ ತೊಗಟೆಗೆಂದು ಮತ್ತೆರಡು ಇಂಚು ಕಳೆದು 46 ಎಂದು ಬರೆಸಿದರು. ಎರಡು ಇಂಚು ಏನು ಮಹಾ ಎನ್ನಬೇಡಿ, ಹತ್ತು ಘನ ಅಡಿ 9.18ಕ್ಕೆ ಇಳಿಯಿತು. 24 ಇಂಚಿನ ಸಣ್ಣ ದಿಮ್ಮಿಯಲ್ಲಿ ಎರಡು ಕಳೆದರಂತೂ ನೂರಕ್ಕೆ ಹದಿನಾರು ಹೋದ ಹಾಗೆ. "ಅಣ್ಣ, ವ್ಯಾಪಾರ ಕುದುರಿಸುವಾಗ ತೊಗಟೆಯ ಸುದ್ದಿಯೇ ಬಂದಿರಲಿಲ್ಲವಲ್ಲ" ಎಂದೆ. "ಎಲ್ಲಾ ತೋಟದಲ್ಲೂ ಇದೇ ಪದ್ಧತಿ ಅಕ್ಕ" ಎಂದರು. ಎಲ್ಲಾ ತೋಟದಲ್ಲೂ ನಡೆಯುತ್ತಿದ್ದರೆ ಎಲ್ಲಾ ತೋಟದಲ್ಲೂ ಮೋಸವೇ. ಟೇಪಿನ ತುದಿ ನಾನೇ ಹಿಡಿದೆ, 48 ಎಂದು ತಿದ್ದಿಸಿದ ಮೇಲೆಯೇ ಮುಂದಿನ ದಿಮ್ಮಿಗೆ ಹೋಗಿದ್ದು. ಮರ ಮಾರುವವರು ತೊಗಟೆಯ ಮಾತನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಮುಗಿಸಿಕೊಳ್ಳಿ.

ಕೇಳಿಸುತ್ತಿರುವುದು ಕುಟ್ರು ಹಕ್ಕಿಯ ಕೂಗು. ಆ ಅತ್ತಿ ಮರದಲ್ಲಿದೆ, ಎಲೆಗಳ ನಡುವೆ ಹಸಿರು ಮೈ ಕಾಣುವುದೇ ಇಲ್ಲ. ಸಿಲ್ವರ್ ಮರದಲ್ಲಿ ಅದಕ್ಕೆ ತಿನ್ನಲು ಹಣ್ಣೆಲ್ಲಿದೆ? ನೆಲ ನೋಡಿ. ಅತ್ತಿಯ ಎಲೆ ಆಗಲೇ ಪುಡಿಯಾಗಿ ಮಣ್ಣಿಗೆ ಸೇರಿದೆ. ಸಿಲ್ವರ್ ಎಲೆ ಹಾಗೇ ಬಿದ್ದಿದೆ, ಮಗುಚಿದರೆ ಅಡಿಯ ಬೆಳ್ಳಿ ಬಣ್ಣ ಕೂಡ ಮಾಸಿಲ್ಲ. ಅತ್ತಿ, ಬಸರಿ, ಹಲಸು ತೆಗೆದು ತೋಟವಿಡೀ ಸಿಲ್ವರ್ ತುಂಬಿಸುವುದನ್ನು ನಾನು ಒಪ್ಪುವುದಿಲ್ಲ. ಇದಕ್ಕಿಂತ ಒಳ್ಳೆಯ ಮರವಿಲ್ಲ ಎಂದೆನಲ್ಲ, ಅದು ನಡುನಡುವೆ ಇದ್ದರೆ ಮಾತ್ರ. ಇವತ್ತು ತೆರವಾದ ಜಾಗಕ್ಕೆ ಮಳೆಗಾಲದಲ್ಲಿ ಅತ್ತಿಯನ್ನೇ ನೆಡುತ್ತೇನೆ, ಹತ್ತಿರದಲ್ಲೇ ನೆರಳಿಗೆ ಒಂದು ಹಾಲುವಾಣ ಮರದ ಗೂಟ ಕೂಡ, ಅದು ಬೇಗ ಚಿಗುರಿ...

ಲಾರಿ ಬಂತು. ಇನ್ನೂ ಮೂರು ದಿಮ್ಮಿಗಳ ಅಳತೆ ಬಾಕಿ ಇದೆ, ಏರಿಸಿಬಿಟ್ಟಾರು. ಕ್ಯಾಮೆರಾ ಇಲ್ಲಿಗೆ ನಿಲ್ಲಿಸುತ್ತೇನೆ.